ಇಳಿಜಾರಿನ ಮಾತು

ಬಿಸಿಲು, ನೆರಳು, ಮತ್ತೆ ಬಿಸಿಲು, ಆಟೋದ ಕಂಬಿಯ ಮೇಲಿಂದ ಜಾರಿ ಪಕ್ಕದಲ್ಲಿ ಕೂತ ನಮ್ಮ ಯಜಮಾನರ ಮೊಣಕಾಲಿಗೆ ಬಿದ್ದು, ಮೊಣಕಾಲಿನ ಮೇಲಿಟ್ಟ ಬಲಗೈಯನ್ನು ಸವರಿಕೊಂಡು ಹೋಗುತ್ತಿದೆ, ಬಸವನಗುಡಿಯ ಮರಗಳು ಮುಗಿಯುವವರೆಗೂ ಹೀಗೇ, ಬಿಸಿಲು ಬಿದ್ದಾಗ ಕೈ ನಡುಗುವುದು ಕಾಣುತ್ತದೆ, ನೆರಳು ಬಿದ್ದಾಗ ಕಾಣುವುದಿಲ್ಲ, ಅದಕ್ಕೇ ಈ ಮರಗಳ ಮೇಲೆ ನನಗೆ ಇತ್ತೀಚೆಗೆ ಪ್ರೀತಿ ಜಾಸ್ತಿ — ನೋಡಬಾರದು, ನಾನು ನೋಡಿದ್ದು ಗೊತ್ತಾದರೆ ಎಡಗೈಯಿಂದ ಬಲಗೈ ಮುಚ್ಚಿಕೊಳ್ಳುತ್ತಾರೆ, ಕದ್ದ ಸಾಮಾನು ಮುಚ್ಚಿಟ್ಟ ಹಾಗೆ, ಸರಿ, ರಸ್ತೆ ನೋಡುತ್ತೇನೆ, ಬಾಳೆ ಎಲೆಯ ಕಟ್ಟು, ಸೇವಂತಿಗೆ ರಾಶಿ, ಅವರೆಕಾಯಿ ಬಂದಿದೆಯೇ ಇಲ್ಲವೇ, ನನ್ನ ಮಡಿಲಲ್ಲಿ ಷೋರೂಮಿನವರು ಕೊಟ್ಟ ಹೊಳೆಯುವ ಕಾಗದ, ಅದರ ಮೇಲೆ ಬೆಳ್ಳಗಿನ ಎಲೆಕ್ಟ್ರಿಕ್ ಸ್ಕೂಟರು, ಹಿಂದೆ ನೀಲಿ ಬೆಟ್ಟ, ಗಾಡಿಯ ಮೇಲೆ ಮಾತ್ರ ಯಾರೂ ಇಲ್ಲ. ಸಂಜೆಯೊಳಗೆ ಒಂದ್ ಫೋನ್ ಮಾಡ್ಬಿಡಿ ಮೇಡಂ, ನಾಳೆ ಬೆಳಿಗ್ಗೆ ನಮ್ಮೋರು ಬಂದು ನಿಮ್ ಹಳೇ ಗಾಡಿ ಎಕ್ಸ್‌ಚೇಂಜ್‌ಗೆ ತಗೊಂಡ್ಹೋಗ್ತಾರೆ, ಅಂದ ಆ ಸ್ವರೂಪ್, ಷೋರೂಮಿನ ಸೇಲ್ಸಿನವನು, ಎಷ್ಟು ಸಲೀಸಾಗಿ ಅಂದ, ಹಳೇ ಪೇಪರ್ ತಗೊಂಡು ಹೋಗುವವರ ಹಾಗೆ. ಇವರನ್ನು ಕೇಳಿದರೆ, ನಿನ್ನಿಷ್ಟ. ಆಟೋ ಹತ್ತುವಾಗ ಇನ್ನೊಮ್ಮೆ ಕೇಳಿದೆ, ನಿನ್ನಿಷ್ಟ ಅಂದೆನಲ್ಲ. ಗಂಡ ನಿನ್ನಿಷ್ಟ ಎಂದರೆ ಏನರ್ಥ ಎಂದು ಮದುವೆಯಾದ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ತಗೊಂಡರೆ ಮುಂದೆ ನಾನು, ಹಿಂದೆ ಅವರು, ಇನ್ನು ಮುಂದೆ ಯಾವತ್ತೂ ಹಾಗೇ, ಇಷ್ಟೇ ವಿಷಯ, ಉಳಿದ ಬ್ಯಾಟರಿ ಮೈಲೇಜು ಎಲ್ಲ ಬಾಯಿಮಾತು.

ಬಾಯಿಮಾತಿಗೇನು ಕಡಿಮೆಯೇ, ಮನೆ ತುಂಬ ಅದೇ ಆಗಿದೆ ತಿಂಗಳಿಂದ. ಭಾವನವರು, ಇವರ ಅಣ್ಣ ಮಲ್ಲಿಕಾರ್ಜುನಯ್ಯನವರು, ಇದೇ ಮನೆಯ ಪಕ್ಕದ ಭಾಗದಿಂದ ಕಾಫಿ ಲೋಟ ಹಿಡಿದುಕೊಂಡೇ ಬಂದು, ಬ್ಯಾಟರಿ ಗಾಡಿ ಅಂದ್ರೆ ಮೊಬೈಲ್ ಇದ್ದಂಗೆ ಕಣಮ್ಮ, ಎರಡು ವರ್ಷ ಚೆನ್ನಾಗಿರುತ್ತೆ, ಆಮೇಲೆ ಚಾರ್ಜೇ ನಿಲ್ಲಲ್ಲ, ಎಂದರು, ಮಗಳು ಸಾನ್ವಿ, ದೊಡ್ಡಪ್ಪ ನೀವು ಯಾವ ಕಾಲದಲ್ಲಿದೀರಿ, ಈಗ ಬ್ಯಾಟರಿಗೆ ಎಂಟು ವರ್ಷ ವಾರಂಟಿ ಕೊಡ್ತಾರೆ, ಎಂದಳು, ಎಂಟು ವರ್ಷ ಯಾರಿಗಮ್ಮ ವಾರಂಟಿ ಇದೆ, ಎಂದು ಭಾವ ನಕ್ಕರು, ಇವರೂ ಒಳಗಿನಿಂದ ಕೇಳಿಸಿಕೊಂಡರು, ನಗಲಿಲ್ಲ. ಮಳೆ ಬಂದರೆ, ನೀರು ನಿಂತರೆ, ಬೆಂಕಿ ಹತ್ತಿದರೆ, ಕರೆಂಟು ಹೋದರೆ — ಚಾರ್ಜಿಂಗ್ ಪಾಯಿಂಟು ಎಲ್ಲಿ ಹಾಕಿಸುವುದು ಎಂದರೆ ಮೆಟ್ಟಿಲ ಕೆಳಗೆ, ಅತ್ತೆಯ ಒರಳುಕಲ್ಲು ಇದ್ದ ಜಾಗದಲ್ಲಿ, ಪಾಪ ಅತ್ತೆ ಅಕ್ಕಯಮ್ಮನವರು, ಅಲ್ಲಿ ಕೂತು ದೋಸೆ ಹಿಟ್ಟು ರುಬ್ಬುತ್ತಲೇ ಯಾರು ಎಷ್ಟು ಹೊತ್ತಿಗೆ ಹೋದರು ಬಂದರು ಎಂದು ಲೆಕ್ಕ ಇಡುತ್ತಿದ್ದರು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವುದೇನೋ ನಿಜ, ಆದರೆ ಸೊಸೆಯ ಕಾಲ ಬರುವಾಗ ಹೀಗೆ ಬರುತ್ತದೆ ಎಂದು ಗಾದೆ ಕಟ್ಟಿದವರು ಹೇಳಲಿಲ್ಲ. ನನಗೆ ಗಾಡಿ ಬರುತ್ತದೆ, ತುಮಕೂರಲ್ಲಿ ಕಾಲೇಜಿಗೆ ಮೊಪೆಡ್ ಓಡಿಸಿಕೊಂಡು ಹೋಗುತ್ತಿದ್ದವಳು, ಮದುವೆಯಾದ ಮೇಲೆ ಬಿಟ್ಟೆ, ಯಾರೂ ಬಿಡು ಅನ್ನಲಿಲ್ಲ, ಇವರ ಹಿಂದಿನ ಸೀಟು ಇತ್ತು, ಕೂತೆ. ಈಗ ಸಾನ್ವಿಯೇ ಭಾನುವಾರದ ಬೆಳಿಗ್ಗೆಗಳಲ್ಲಿ ಕೋಟೆ ಮೈದಾನಕ್ಕೆ ಕರೆದುಕೊಂಡು ಹೋಗಿ ಅವಳ ಗೆಳತಿಯ ಗಾಡಿಯಲ್ಲಿ ಮತ್ತೆ ಕಲಿಸಿದಳು, ಅಮ್ಮ ಬ್ರೇಕು, ಅಮ್ಮ ಕಾಲು ಎಳೀಬೇಡ, ಅಮ್ಮ ಮುಂದೆ ನೋಡು, ಮುಂದೆ ನೋಡಿ ನನಗೆ ಅಭ್ಯಾಸವೇ ಇಲ್ಲವಲ್ಲ ಮಗಳೇ, ಇಷ್ಟು ವರ್ಷ ನಾನು ನೋಡಿದ್ದು ನಿಮ್ಮಪ್ಪನ ಬೆನ್ನು, ಅಂಗಿಯ ಹೊಲಿಗೆ, ಕತ್ತಿನ ಹಿಂದಿನ ಮಚ್ಚೆ, ಮತ್ತೆ ಎಡಗಡೆಯ ಊರು, ಬೆಂಗಳೂರಿನ ಬಲಗಡೆ ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ತಿಳಿಯದು, ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತವಳಿಗೆ ಅರ್ಧ ಊರೇ ಕಾಣುವುದು.

ಅದಕ್ಕೇ ಇವತ್ತು ಆ ಎಡವಟ್ಟು. ಕೂತ್ಕೊಳ್ಳಿ ಮೇಡಂ, ಒಂದ್ ರೌಂಡ್ ಹೊಡ್ಕೊಂಡ್ ಬನ್ನಿ, ಅಂದ ಸ್ವರೂಪ್, ಗಾಡಿಯನ್ನು ಫುಟ್‌ಪಾತಿನಿಂದ ಇಳಿಸಿ ನಿಲ್ಲಿಸಿದ, ನಾನು ಸೆರಗು ಎಳೆದುಕೊಂಡೆ, ಬ್ಯಾಗು ಮಡಿಲಿಗೆ ಬರುವ ಹಾಗೆ ಸರಿಮಾಡಿಕೊಂಡೆ, ಹಿಂದಿನ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತೆ. ಕೂತು ಕಾದೆ. ಮುಂದಿನ ಸೀಟು ಖಾಲಿ, ಹ್ಯಾಂಡಲು ಖಾಲಿ, ಬೆನ್ನು ಇರಬೇಕಾದ ಜಾಗದಲ್ಲಿ ರಸ್ತೆ. ಸ್ವರೂಪ್ ನೆಲ ನೋಡಿದ, ಒಳ್ಳೆಯ ಮನೆಯವನು, ನಗಲಿಲ್ಲ, ಗಾಜಿನ ಒಳಗೆ ಕುರ್ಚಿಯ ಮೇಲೆ ಕೂತಿದ್ದ ಇವರು ನೋಡಿದರು, ನೋಡಿದ್ದನ್ನು ನಾನೂ ನೋಡಿದೆ, ಕೈಯಲ್ಲಿ ನೀರಿನ ಲೋಟ, ನೀರು ಅಲುಗುತ್ತಿತ್ತು, ತಟ್ಟನೆ ಕೆಳಗಿಟ್ಟರು. ನಾನು ಇಳಿದು ಮುಂದೆ ಕೂತೆ. ಸರ್, ನೀವೂ ಬನ್ನಿ, ಹಿಂದೆ ಕೂತ್ ನೋಡಿ, ಎಂದು ಕರೆದ ಪುಣ್ಯಾತ್ಮ, ಇವರು ಕತ್ತು ಅಲ್ಲಾಡಿಸಿ, ನಂಗೆ ಇಲ್ಲೇ ಸರಿ, ಎಂದರು. ಇದು ಯಾವಾಗ ಸ್ಟಾರ್ಟ್ ಆಗುತ್ತಪ್ಪ ಎಂದರೆ, ಆಗಿದೆ ಮೇಡಂ. ಸದ್ದೇ ಇಲ್ಲ. ಕೀ ಎಲ್ಲಿ ಎಂದರೆ, ಕೀ ಇಲ್ಲ ಮೇಡಂ, ಈ ಬಟನ್ ಒತ್ತಿದ್ರಾಯ್ತು. ಹೊರಟೆ. ಹೊರಟ ಮೇಲೆ ಒಂದೊಂದೇ ಕೇಳಿಸತೊಡಗಿತು, ಯಾರದೋ ಮನೆಯ ಕುಕ್ಕರು, ಒಗೆದ ಬಟ್ಟೆ ಕೊಡವುವ ಸದ್ದು, ಟೈರಿನ ಕೆಳಗೆ ಒಣ ಎಲೆ, ಸಮತಟ್ಟಾದ ರಸ್ತೆಯಲ್ಲಿ ಇಳಿಜಾರು, ಹೌದು, ಇದು ಇಳಿಜಾರೇ, ನನಗೆ ಗೊತ್ತಿರುವ ಮೌನ ಇದು, ನನ್ನ ಬಾಯಿ ತಾನಾಗಿ ತೆರೆಯಿತು, ರೀ, ಎಂದೆ, ಹಿಂದೆ ಯಾರೂ ಇರಲಿಲ್ಲ.

ಆ ಮೌನ ಸಿಗುತ್ತಿದ್ದದ್ದು ಒಂದೇ ಕಡೆ, ದೊಡ್ಡ ಬಸವಣ್ಣನ ಗುಡಿ ದಾಟಿದ ಮೇಲೆ ಚಾಮರಾಜಪೇಟೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಅಲ್ಲಿ ಬಂದ ತಕ್ಷಣ ಇವರು ಕೀ ತಿರುಗಿಸಿ ಗಾಡಿ ಆಫ್ ಮಾಡುತ್ತಿದ್ದರು, ಪೇಟೆಯ ವ್ಯಾಪಾರಸ್ಥರ ಬುದ್ಧಿ, ಇಳಿಜಾರಿಗೂ ಯಾಕೆ ಪೆಟ್ರೋಲ್ ಸುಡೋದು, ಕಾಟನ್‌ಪೇಟೆಯ ಅರ್ಧ ಜನ ಹಾಗೆಯೇ ಇಳಿಯುತ್ತಿದ್ದರು ಆಗ, ಮೊದಲ ಸಲ ನಾನು ಹೆದರಿದ್ದೆ, ಕೆಟ್ಟೋಯ್ತೇನ್ರೀ ಎಂದಿದ್ದೆ, ಇಲ್ಲ, ಈಗ ಕೇಳಿಸುತ್ತೆ, ಹೇಳು ರುದ್ರಾಣಿ, ಎಂದಿದ್ದರು. ರುದ್ರಾಣಿ. ಮದುವೆಯಾಗಿ ಬಂದ ಮೇಲೆ ನನ್ನ ಹೆಸರು ಕೇಳಿದ್ದು ಅದೇ ಮೊದಲು, ಮನೆಯಲ್ಲಿ ಅತ್ತೆ ಮಾವ ಭಾವ ಎಲ್ಲರ ಎದುರು ಹೆಂಡತಿಯ ಹೆಸರು ಕೂಗುವ ಹಾಗಿಲ್ಲ, ಅಲ್ಲಿ ನಾನು ಇವಳೇ, ಆಮೇಲೆ ಸಾನ್ವಿ ಅಮ್ಮ, ನಡುಮನೆಯಲ್ಲಿ ಎಂಟು ಜನ ಮಲಗುತ್ತಿದ್ದ ಮನೆ, ಗೋಡೆಗೆ ಮಾತ್ರ ಅಲ್ಲ, ಒರಳುಕಲ್ಲಿಗೂ ಕಿವಿ, ಗಂಡ ಹೆಂಡತಿ ಮಾತಾಡಬೇಕೆಂದರೆ ಬಸವಣ್ಣನಿಗೆ ಕೈಮುಗಿಯುವ ನೆಪ ಬೇಕು, ಸೋಮವಾರ ಸೋಮವಾರ ನಮಗೆ ಭಕ್ತಿ ಉಕ್ಕುತ್ತಿತ್ತು, ಬಸವಣ್ಣನಿಗೆ ಗೊತ್ತಿಲ್ಲವೇ, ಗೊತ್ತಿತ್ತು, ಸುಮ್ಮನೆ ಮಲಗಿರುತ್ತಿದ್ದ ಪುಣ್ಯಾತ್ಮ. ಕೀ ಎಡಕ್ಕೆ ತಿರುಗುವುದು, ಇಂಜಿನ್ನು ಕೆಮ್ಮಿ ಸುಮ್ಮನಾಗುವುದು, ಗಾಳಿ, ಚೈನಿನ ಹಾಗೆ ಚಕ್ರದ ಸಣ್ಣ ಟಿಕ್ ಟಿಕ್, ಹೇಳು ರುದ್ರಾಣಿ. ಅಲ್ಲಿಯೇ ಹೇಳಿದ್ದು, ಈ ತಿಂಗಳು ಆಗಿಲ್ಲ ಕಣ್ರೀ, ಎಂದು, ಬೆನ್ನು ಒಂದು ಕ್ಷಣ ಗಟ್ಟಿಯಾಯಿತು, ಆಮೇಲೆ ಇಳಿಜಾರು ಮುಗಿದರೂ ಗಾಡಿ ಸ್ಟಾರ್ಟ್ ಮಾಡಲಿಲ್ಲ, ತಾನಾಗಿ ಎಲ್ಲಿವರೆಗೆ ಹೋಗುತ್ತದೋ ಹೋಗಲಿ ಎಂದು ಬಿಟ್ಟರು. ಅಲ್ಲಿಯೇ ಅವರೂ ಹೇಳಿದ್ದು, ನಂಗೆ ಈ ಗುಂಡಿ ವ್ಯಾಪಾರ ಇಷ್ಟ ಇಲ್ಲ ರುದ್ರಾಣಿ, ಆದ್ರೆ ಗುಂಡಿ ಇಷ್ಟ, ಎಂದು, ಕಾಟನ್‌ಪೇಟೆಯ ನಮ್ಮ ಅಂಗಡಿ ತುಂಬ ಅಂಗಿಯ ಗುಂಡಿ, ಡಬ್ಬಿಯೊಳಗೆ ಕೈ ಹಾಕಿ ನೋಡದೆಯೇ ಇದು ಚಿಪ್ಪಿನದು ಇದು ತೆಂಗಿನ ಕರಟದ್ದು ಎಂದು ಬೆರಳಲ್ಲೇ ಹೇಳುತ್ತಿದ್ದರು, ನಾನು ನಕ್ಕಿದ್ದೆ, ಇಳಿಜಾರು ಚಿಕ್ಕದು, ಪ್ರತಿ ಸಲವೂ ಅರ್ಧ ಮಾತಿಗೆ ಮುಗಿಯುತ್ತಿತ್ತು, ಉಳಿದರ್ಧ ಮುಂದಿನ ಸೋಮವಾರಕ್ಕೆ.

ಈಗ ಬೆಳಿಗ್ಗೆ ಅಂಗಿಯ ಗುಂಡಿ ನಾನು ಹಾಕುತ್ತೇನೆ. ಅವರು ಕ್ಯಾಲೆಂಡರು ನೋಡುತ್ತಾ ನಿಂತಿರುತ್ತಾರೆ. ನಡುಕ ಸುಮ್ಮನೆ ಕೂತಾಗಲೇ ಜಾಸ್ತಿ, ಏನಾದರೂ ಹಿಡಿಯಲು ಹೋದಾಗ ಒಂದು ಗಳಿಗೆ ನಿಂತ ಹಾಗಾಗುತ್ತದೆ, ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಇದು ಹೀಗೇ ಇರುತ್ತೆ, ಮಾತ್ರೆ ತಗೊಳ್ಳಿ, ವ್ಯಾಯಾಮ ಮಾಡಿ, ಗಾಡಿ ಮಾತ್ರ ಓಡಿಸಬೇಡಿ ಬಸವಪ್ರಭು ಅವ್ರೇ, ಎಂದರು ಡಾಕ್ಟರು, ಇವರು ಸರಿ ಎಂದರು, ಮಾರನೇ ದಿನವೇ ಓಡಿಸಿಕೊಂಡು ಹೋಗಿ ಉಮಾ ಟಾಕೀಸಿನ ಹತ್ತಿರ ಬಿದ್ದರು, ಯಾರೋ ಎತ್ತಿ ಕೂರಿಸಿ, ಯಜಮಾನ್ರೇ ಮನೇಲ್ ಯಾರೂ ಇಲ್ವಾ, ಎಂದು ಕೇಳಿದರಂತೆ, ಅದು ತಾಗಿದೆ ಅವರಿಗೆ, ಮಂಡಿಯ ಗಾಯಕ್ಕಿಂತ ಜಾಸ್ತಿ. ಅವತ್ತಿನಿಂದ ಗಾಡಿ ಮೆಟ್ಟಿಲ ಹತ್ತಿರ ಸೀರೆ ಹೊದ್ದು ನಿಂತಿದೆ, ಅವತ್ತಿನಿಂದ ಇವರೂ ಆಫ್. ಸಿಟ್ಟಿಲ್ಲ, ಊಟ ಬೇಡ ಎನ್ನುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಹೂಂ, ಸಾಕು, ನಿನ್ನಿಷ್ಟ. ಅತ್ತೆ ಮಾವ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಹಿಡಿದು ಕೂಗಿದರೆ ಈಗ ಯಾರು ಏನೆನ್ನುತ್ತಾರೆ, ಆದರೂ ಹೆಸರು ಇಳಿಜಾರಿಗೇ ಸೇರಿದ್ದು ಎನ್ನುವುದು ಇಬ್ಬರಿಗೂ ಅಭ್ಯಾಸವಾಗಿಬಿಟ್ಟಿದೆ, ಇಳಿಜಾರು ನಿಂತಿತು, ಹೆಸರೂ ನಿಂತಿತು, ನಾನು ಸಾನ್ವಿ ಅಮ್ಮನಾಗಿಯೇ ಉಳಿದೆ. ನನಗೆ ಗಾಡಿ ಬೇಕಾಗಿರುವುದು ಅಂಗಡಿಗೆ ಹೋಗಲು ಎಂದು ಎಲ್ಲರಿಗೂ ಹೇಳಿದ್ದೇನೆ, ಸುಳ್ಳೇನಲ್ಲ, ಆದರೆ ನಿಜವಾಗಿ ಹೇಳಬೇಕೆಂದರೆ ನನಗೆ ಇವರ ಮಾತು ವಾಪಸು ಬೇಕು, ಹಿಂದಿನ ಸೀಟಿಗೆ ಕೂರಿಸಿದರೆ ಅದು ಬರುತ್ತದೆಯೋ, ಇರುವುದೂ ಹೋಗುತ್ತದೆಯೋ, ಇದಕ್ಕೆ ಯಾವ ಷೋರೂಮಿನವನು ಗ್ಯಾರಂಟಿ ಕೊಡುತ್ತಾನೆ. ಹೆಂಡತಿಯ ಹಿಂದೆ ಕೂತುಕೊಂಡು ಕಾಟನ್‌ಪೇಟೆಯ ಆ ರಸ್ತೆಯಲ್ಲಿ, ಎಲ್ಲ ಅಂಗಡಿಯವರೂ ಶರಣು ಎನ್ನುತ್ತಿದ್ದ ರಸ್ತೆಯಲ್ಲಿ, ಅಲುಗಾಡುವ ಕೈ ಎಲ್ಲಿಟ್ಟುಕೊಳ್ಳುತ್ತಾರೆ, ನನ್ನ ಭುಜದ ಮೇಲೆ ಇಡುತ್ತಾರೆಯೇ, ಇಟ್ಟರೆ ನನಗೆ ನಡುಕ ಗೊತ್ತಾಗುತ್ತದೆ ಎಂದು ಇಡುವುದಿಲ್ಲ, ಇಡದಿದ್ದರೆ ಬೀಳುತ್ತಾರೆ, ಬೇಡ, ಬೇಡವೇ ಬೇಡ ಎಂದುಬಿಡಲೇ ಆ ಸ್ವರೂಪನಿಗೆ, ಇದೇ ಆಟೋ ಸಾಕು, ಇದರಲ್ಲಿ ಮುಂದೆ ಹಿಂದೆ ಎನ್ನುವುದಿಲ್ಲ, ಇಬ್ಬರೂ ಪಕ್ಕಪಕ್ಕ, ಎಷ್ಟು ಮರ್ಯಾದೆ, ಎಷ್ಟು ಮೌನ — ಮೌನವೂ ಅಲ್ಲ, ಈ ಆಟೋ ಹಾಳಾದ್ದು ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ,

ಮರ ಮುಗಿದವು. ಬಿಸಿಲು. ಬಸವಣ್ಣನ ಗುಡಿ ಹಿಂದಾಯಿತು, ಕಡಲೆಕಾಯಿ ಗಾಡಿ, ರಸ್ತೆ ಇಳಿಯತೊಡಗಿದ್ದು ಹೊಟ್ಟೆಗೆ ಮೊದಲು ಗೊತ್ತಾಗುತ್ತದೆ, ನಾನು ನೋಡುತ್ತಿಲ್ಲ, ನಿಜವಾಗಿ ರಸ್ತೆಯನ್ನೇ ನೋಡುತ್ತಿದ್ದೇನೆ, ಕಣ್ಣಿನ ಮೂಲೆಯಲ್ಲಿ ಅವರ ಬಲಗೈ ಮೊಣಕಾಲು ಬಿಟ್ಟು ಮೇಲೆದ್ದಿತು, ಏನು ಬೇಕು, ಕಂಬಿ ಹಿಡಿಯಲಿಕ್ಕೇನೋ, ಕಂಬಿ ಅಲ್ಲ, ಕೈ ಮುಂದೆ ಹೋಯಿತು, ಆಟೋದವನ ಬೆನ್ನಿಗೂ ನಮಗೂ ನಡುವಿನ ಖಾಲಿಯಲ್ಲಿ, ಹೆಬ್ಬೆರಳು ತೋರುಬೆರಳು ಏನನ್ನೋ ಹಿಡಿದುಕೊಂಡವು, ಅಲ್ಲಿ ಏನೂ ಇಲ್ಲ, ಎಡಕ್ಕೆ ತಿರುಗಿತು. ಅವರಿಗೇ ಗೊತ್ತಿಲ್ಲ, ಮುಖ ಹೊರಗಡೆ ಇದೆ, ಕೈ ಮಾತ್ರ. ಆಟೋ ಆಫ್ ಆಗಲಿಲ್ಲ, ಇನ್ನೂ ಜೋರಾಗಿ ಅರಚಿಕೊಂಡೇ ಇಳಿಯುತ್ತಿದೆ, ಅವರ ತುಟಿ ಅಲುಗಿತು, ಏನ್ರೀ, ಎಂದೆ, ಮತ್ತೆ ಅಲುಗಿತು, ಏನಂದ್ರಿ, ಎಂದು ಕಿವಿ ಹತ್ತಿರ ತಂದೆ, ಅವರ ಉಸಿರು ತಾಗಿತು, ಈ ಆಟೋದಲ್ಲಿ ಏನೂ ಕೇಳಿಸಲ್ಲ ರುದ್ರಾಣಿ, ಎಂದರು. ರುದ್ರಾಣಿ ಎಂದರು. ಫೋನು ಬ್ಯಾಗಿನಲ್ಲಿದೆ, ಮಾಡುತ್ತೇನೆ, ಈಗಲೇ ಮಾಡುತ್ತೇನೆ, ಭುಜದ ಮೇಲೆ ಕೈ ಇಟ್ಟುಕೊಳ್ಳಲಿ, ನಡುಗಿದರೆ ನಡುಗಲಿ, ಇಳಿಜಾರು ಮನೆಯ ಗೇಟಿನಿಂದಲೇ ಶುರುವಾಗಲಿ, ಫೋನು ತೆಗೆಯಬೇಕು, ತೆಗೆಯಲು ಆ ಕಡೆಯಿಂದ ಕಣ್ಣು ಕೀಳಬೇಕು, ಆಗುತ್ತಿಲ್ಲ, ಬಿಸಿಲಿನಲ್ಲಿ ಆ ಕೈ, ಇಲ್ಲದ ಕೀ ಹಿಡಿದು ಎಡಕ್ಕೆ ತಿರುಗಿಸಿ ಹಾಗೇ ನಿಂತ ಆ ಕೈ, ನಡುಗುತ್ತಿಲ್ಲ, ನಡುಗುತ್ತಿಲ್ಲ —