ಮೊದಲ ಸಾಲಿನ ದನಿ

ದೆಹಲಿಯ ಜನಕಪುರಿಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಜೀವನ್ ಮಾಡಿದ್ದ ಮಿಮಿಕ್ರಿಯ ವಿಡಿಯೊ ಕೋರ್ಟಿನ ಪರದೆಯ ಮೇಲೆ ಓಡತೊಡಗಿದಾಗ ಅವನ ಹೆಂಡತಿ ಹರಿಣಿ ನೆಲ ನೋಡುತ್ತ ಕೂತಳು.

ವಿಡಿಯೊದಲ್ಲಿ ಅವನು ಮದುವೆಯೂಟಕ್ಕೆ ಬಡಿಸುವವನಾಗಿದ್ದ. ಉಣ್ಣುವವರ ಕಣ್ಣು ಪಾಯಸದತ್ತ ಹೊರಳುವಷ್ಟರಲ್ಲಿ ಸೌಟು ಎಲೆಯ ಮೇಲೆ.

"ನಮ್ಮನೇವಳ ಬ್ರೌಸರೂ ಹೀಗೇ ರೀ. ನೀವು ಲಿಂಕ್ ಒತ್ತೋಕೆ ಮುಂಚೆ ಪುಟ ತಂದು ಬಡಿಸಿರುತ್ತೆ."

ಸಂಘದ ಕಾರ್ಯದರ್ಶಿ ಗುಂಡಣ್ಣ ಹೆಮ್ಮೆಯಿಂದ ಅದನ್ನು ಇಂಟರ್‌ನೆಟ್ಟಿಗೆ ಏರಿಸಿದ್ದರು. ದೆಹಲಿಯಲ್ಲಿ ಕನ್ನಡದ ಮಾತು ಬೀಗ ಹಾಕಿದ ಪೆಟ್ಟಿಗೆ ಎಂದೇ ಎಲ್ಲರ ನಂಬಿಕೆ. ತರಕಾರಿ ಭಯ್ಯಾನನ್ನು ಅವನೆದುರೇ ನಗುನಗುತ್ತ ಬೈದು ಅಭ್ಯಾಸವಾಗಿತ್ತು.

ಒತ್ತುವ ಮುಂಚೆಯೇ ಪುಟ ತರುವ ತನ್ನ ವಿಧಾನಕ್ಕೆ ಹರಿಣಿ ಪೇಟೆಂಟ್ ಕೇಳಿದ್ದು ಅದಾದ ಮರುತಿಂಗಳು. ಗುರುಗ್ರಾಮದ ಕಂಪನಿಯೊಂದು ಅದನ್ನೇ ಬಳಸತೊಡಗಿದಾಗ ದಾವೆ ಹೂಡಿದಳು. ಕಂಪನಿ ಈ ವಿಡಿಯೊ ಹೆಕ್ಕಿ, ಅನುವಾದದ ಸಮೇತ ತಂದಿತು: ಅರ್ಜಿಗೆ ಮುಂಚೆಯೇ ಬಯಲಾದದ್ದಕ್ಕೆ ಪೇಟೆಂಟ್ ಎಲ್ಲಿಯದು?

ಅವಳ ಒಪ್ಪಿಗೆಯಿಲ್ಲದೆ ಗಂಡ ಬಯಲು ಮಾಡಿದ್ದರೆ ಪೇಟೆಂಟ್ ಉಳಿಯಬಹುದು ಎಂದಿದ್ದರು ಅವಳ ವಕೀಲೆ ಅಮಿತಾ. ಅಮಿತಾ ಹೇಳಿದ್ದು ಕಾನೂನು ಮಾತ್ರ. ಸುಳ್ಳು ಪೂರ್ತಿ ಜೀವನನದು. ಗುಟ್ಟನ್ನು ತಾನೇ ಕದ್ದೆ, ಅವಳು ಸಭೆಗೇ ಬಂದಿರಲಿಲ್ಲ ಎಂದು ಪ್ರಮಾಣ ಮಾಡಿದ. ಹರಿಣಿ ಬೇಡವೆನ್ನಲಿಲ್ಲ.

ವಿಡಿಯೊ ಮುಗಿದಿರಲಿಲ್ಲ. ಪುಟದಲ್ಲಿರುವ ಲಿಂಕುಗಳನ್ನೆಲ್ಲ ಬಡಿಸಿಬಿಡುತ್ತೆ ಎಂದು ಅವನು ಸೌಟು ಬೀಸುತ್ತ ಬೆನ್ನು ತಿರುಗಿಸಿದ್ದೇ ತಡ, ಮೊದಲ ಸಾಲಿನಿಂದ ಹೆಣ್ಣುದನಿಯೊಂದು ತಡೆಯಲಾರದೆ ತಿದ್ದಿತ್ತು:

"ಎಲ್ಲಾ ಅಲ್ರೀ. ಮೌಸ್ ಎಲ್ಲಿ ನಿಧಾನ ಆಗುತ್ತೋ ಆ ಲಿಂಕ್ ಒಂದೇ."

ಪೇಟೆಂಟಿನ ಜೀವವೆಲ್ಲ ಆ ಒಂದು ಮಾತಿನಲ್ಲಿತ್ತು.

ಯಾರ ದನಿ ಎಂದು ಕಂಪನಿಯ ವಕೀಲರು ಕೇಳಿದರು. ತನ್ನದೇ, ಹೆಣ್ಣುದನಿಯನ್ನೂ ಮಾಡುತ್ತೇನೆ ಎಂದ ಜೀವನ್.

"ಅಚ್ಛಾ? ಮಾಡಿ ತೋರಿಸಿ."

ಮಾಡಿದ. ಅದೇ ಅವಸರ, ಕೊನೆಯಲ್ಲಿ ಅದೇ ಗೆದ್ದ ಧಾಟಿ. ತನ್ನ ದನಿ ಅವನ ಬಾಯಿಂದ ಬಂದದ್ದಕ್ಕೆ ಹರಿಣಿ ತಲೆಯೆತ್ತಿ ಅವನನ್ನು ನೋಡಿದಳು.

ವಕೀಲರು ಮೆಚ್ಚಿ ತಲೆದೂಗಿದರು. ಆಮೇಲೆ, ವಿಡಿಯೊ ಹಾಕಿದವರೆಂದು ಸಾಕ್ಷಿಗೆ ಕರೆಸಿದ್ದ ಗುಂಡಣ್ಣನವರನ್ನು ನಿಲ್ಲಿಸಿ, ಅಂದು ಮೊದಲ ಸಾಲಿನಲ್ಲಿ ಯಾರಿದ್ದರು ಎಂದರು.

ಗುಂಡಣ್ಣ ಒದ್ದಾಡಿದರು. ಕನ್ನಡ ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಹಳೆಯ ಧೈರ್ಯದಲ್ಲಿ ಹರಿಣಿಯತ್ತ ತಿರುಗಿದರು.

"ಏನ್ ಹೇಳ್ಲಮ್ಮಾ?"

ಮಾತು ತಿಳಿಯಬೇಕಿರಲಿಲ್ಲ. ಅವರ ಕಣ್ಣು ಹೊರಳಿದ್ದು ಸಾಕಾಗಿತ್ತು. ವಕೀಲರು ಆಗಲೇ ಬರೆದುಕೊಳ್ಳುತ್ತಿದ್ದರು.

"ಇದ್ದದ್ದೇ ಹೇಳಿ," ಎಂದಳು ಹರಿಣಿ. ಕಟಕಟೆಯಿಂದ ಇಳಿದು ಪಕ್ಕದಲ್ಲಿ ನಿಂತಿದ್ದ ಜೀವನ್ ಬಾಯಿ ತೆರೆದ. ಯಾವ ದನಿಯೂ ಬರಲಿಲ್ಲ.