ದೆಚೆನ್ ಊಟ ಬೇಡ ಅಂದಾಗ

ಅಪ್ಪನ ಫೋರ್ಟಿನ ಹೋಟೆಲಿನಲ್ಲಿ ಬಡಿಸುವವರಿಗೆ ಒಂದೇ ಪಾಠ: ಒಮ್ಮೆ ಕೇಳು, ಬೇಡ ಎಂದರೆ ಮುಂದಿನ ಟೇಬಲ್ಲಿಗೆ ನಡೆ. ಆಫೀಸಿನವರು ನುಗ್ಗುವ ಹೊತ್ತಿನಲ್ಲಿ ಉಪಚಾರಕ್ಕೆ ಯಾರಿಗೆ ಪುರಸೊತ್ತು? ಮದುವೆಯಾಗಿ ಇದೇ ಮಹಾನಗರದ ಸಯನ್ನಿಗೆ ಬಂದು ಮೂವತ್ತು ವರ್ಷವಾದರೂ ನನ್ನ ಕೈ ಹಾಗೆಯೇ ಬಡಿಸುತ್ತದೆ.

ಕಳೆದ ವರ್ಷ ನಮ್ಮ ಹಿಂದಿನ ಕೋಣೆಗೆ ದೆಚೆನ್ ಬಂದಳು. ಭೂತಾನದ ಟೀಚರು. ಇಲ್ಲಿ ಆಸ್ಪತ್ರೆಯಲ್ಲಿದ್ದ ತಮ್ಮನಿಗೆ ಕಿಡ್ನಿ ಕೊಡಲು ಬಂದಿದ್ದಳು. ಊಟ ನಮ್ಮಲ್ಲೇ. ಹುಟ್ಟಿದ ಮೇಲೆ ನಾನು ಭೂತಾನದವರನ್ನು ಕಂಡವಳಲ್ಲ, ಬಿಡುತ್ತೇನೆಯೇ? ಹಿಮ ಎಷ್ಟು ಬೀಳುತ್ತದೆ, ಅಕ್ಕಿ ಕೆಂಪೋ ಬಿಳಿಯೋ, ಆಸ್ತಿ ಯಾರಿಗೆ? ಅವಳು ನಗುತ್ತ ಹಿಂದಿಯಲ್ಲಿ ಎಲ್ಲ ಹೇಳುತ್ತಿದ್ದಳು. ಅವಳೂರಿನಲ್ಲಿ ಮನೆ, ಗದ್ದೆ ತಾಯಿಯಿಂದ ಮಗಳಿಗಂತೆ. ಅರೆ, ನಮ್ಮ ಅಳಿಯಕಟ್ಟಿನವರ ನೆಂಟರೇ ಇರಬೇಕು! ಮೆಣಸಿನಕಾಯಿಯಂತೂ ಅವರಿಗೆ ತರಕಾರಿ.

ಉಣ್ಣುವುದು ಮಾತ್ರ ನಾಲ್ಕೇ ತುತ್ತು. "ಅನ್ನ ಬೇಕಾ?" ಎಂದರೆ ಅಂಗೈಯಿಂದ ಬಾಯಿ ಮುಚ್ಚಿ "ಮೇಶು ಮೇಶು" ಎನ್ನುವಳು. ಬೇಡವೆಂದರೆ ಬೇಡ, ನಾನು ಪಾತ್ರೆ ಎತ್ತುತ್ತಿದ್ದೆ. ನನ್ನ ಸಾರು ರುಚಿಸಲಿಲ್ಲವೆಂದು ಒಳಗೊಳಗೇ ಸಿಟ್ಟು ಬೇರೆ.

ಹನ್ನೆರಡನೇ ದಿನ ಅಳುತ್ತ ಬಂದಳು. ಅವಳ ತೂಕ ಮೂರು ಕಿಲೋ ಇಳಿದಿದೆ, ಹೀಗಾದರೆ ಆಪರೇಷನ್ ಮುಂದೆ ಹಾಕುತ್ತೇವೆ ಎಂದರಂತೆ ಡಾಕ್ಟರು. ತಮ್ಮನಿಗೆ ತುಂಬ ದಿನ ಕಾಯುವಷ್ಟು ತ್ರಾಣವಿರಲಿಲ್ಲ.

ಜೋಳದ ರೊಟ್ಟಿ ಕೊಡಲು ಬಂದಿದ್ದ ಪಕ್ಕದ ಮನೆಯ ರಾಚವ್ವ, ವಿಜಯಪುರದವರು, ಸೀದಾ ಅವಳೆದುರು ಕೂತು ರೊಟ್ಟಿ ಚಾಚಿದರು. ದೆಚೆನ್ ಬಾಯಿ ಮುಚ್ಚಿದಳು.

"ಬ್ಯಾಡ ಅಂದ್ರ ಹೆಂಗ ಯವ್ವಾ? ತಿನ್ನು."

ಮತ್ತೆ ಕೈ ಅಡ್ಡ ಬಂತು.

"ನನ್ನ ಸಲುವಾಗಿ ಒಂದ ರೊಟ್ಟಿ ತಿನ್ನು ನಮ್ಮವ್ವಾ."

ಮೂರನೇ ಸಲಕ್ಕೆ ಕೈ ಕೆಳಗಿಳಿಯಿತು. ಮೂರು ರೊಟ್ಟಿ ತಿಂದಳು! ಕೆಂಪು ಮೆಣಸಿನಕಾಯಿಯ ರಂಜಕವನ್ನು ಪಲ್ಯದ ಹಾಗೆ ಬಳಿದು ಮುಗಿಸಿದಳು.

"ಮತ್ತೆ ಬೇಡ ಅಂದದ್ದು ಎಂತಕ್ಕೆ ಮಾರಾಯ್ತಿ?" ನನಗೆ ತಡೆಯಲಾಗಲಿಲ್ಲ.

"ಕೇಳಿದ ಕೂಡಲೇ ತಟ್ಟೆ ಒಡ್ಡಿದರೆ ನಮ್ಮಲ್ಲಿ ಮರ್ಯಾದೆಯಲ್ಲ, ಆಂಟಿ. ಎರಡು ಸಲ ಬೇಡ ಅನ್ನಬೇಕು. ಮತ್ತೆ ಕೇಳುತ್ತಾರೆ, ಆಗ ತಗೊಳ್ಳುತ್ತೇವೆ." ತಲೆ ತಗ್ಗಿಸಿದಳು. "ನೀವು ಮತ್ತೆ ಕೇಳುತ್ತಿರಲಿಲ್ಲ."

"ನಮ್ಮ ಕಡೀನೂ ಹಂಗ ಅಲ್ಲೇನ್ರಿ!" ಎಂದರು ರಾಚವ್ವ.

ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಹಿಮದ ಬಗ್ಗೆ ಹತ್ತು ಸಲ ಕೇಳಿದ್ದೆ, ಆಸ್ತಿಯ ಬಗ್ಗೆ ಇಪ್ಪತ್ತು ಸಲ. ಅನ್ನ ಬೇಕಾ ಎಂದು ಮಾತ್ರ ಒಂದೇ ಸಲ. ಹನ್ನೆರಡು ದಿನ ಅವಳು ನನ್ನ ಅಡುಗೆಮನೆಯಲ್ಲೇ ಹಸಿದು ಕೂತಿದ್ದಳು.

ಅಂದಿನಿಂದ ಬಿಡದೆ ಮೂರು ಸಲ ಕೇಳಿದೆ. ಮೂರು ವಾರದಲ್ಲಿ ತೂಕ ಮರಳಿತು, ಆಪರೇಷನ್ನೂ ಆಯಿತು. ತಮ್ಮನಿಗೆ ಕಿಡ್ನಿ ಹೊಂದಿಕೊಂಡಿತು.

ನಾನು ನೋಡಲು ಹೋದ ದಿನ ನರ್ಸ್ ದೆಚೆನ್‌ಗೆ ಗಂಜಿ ತಂದಳು. ಮಲಗಿದಲ್ಲಿಂದಲೇ ಅವಳ ಕೈ ಮೆಲ್ಲಗೆ ಬಾಯಿಗೆ ಹೋಯಿತು.

"ಇವರಿಗೆ ಬೇಡವಂತೆ" ಎಂದು ನರ್ಸ್ ಬಟ್ಟಲು ಎತ್ತಿಕೊಂಡು ಹೊರಟಳು.

ನಾನು ದಡಕ್ಕನೆ ಎದ್ದು ಅಡ್ಡ ನಿಂತೆ.

"ಸಿಸ್ಟರ್, ನಿಲ್ಲಿ! ಇನ್ನೆರಡು ಸಲ ಕೇಳಿ."