ಹ್ಞೂಂ ಅನ್ನುವವರಿಲ್ಲದ ಲೆಕ್ಕ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನಾಲ್ಕು ಮಾರು ಮುಂದಿದ್ದ ಮಗಳ ಬೆನ್ನೂ ಆಗಾಗ ಕರಗಿಹೋಗುತ್ತಿತ್ತು. ಶಾಲೆಯ ದಾರಿಯಲ್ಲಿ ಹೊಲಿಗೆಯಾಕೆ ಬಿರಬಿರನೆ ಹೆಜ್ಜೆ ಹಾಕಿದಳು.

"ಗಿಣೀ, ನಿಲ್ಲೇ! ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ?"

ಮಗಳು ನಿಂತಳು. ಬೀದಿಯವರು ಮಾತಿನ ಮಲ್ಲಿಯೆಂದು ಗಿಣಿ ಅಂತ ಕರೆಯುತ್ತಿದ್ದ ಹುಡುಗಿ ನಿನ್ನೆಯಿಂದ ತುಟಿ ಬಿಚ್ಚಿರಲಿಲ್ಲ.

ಎಳವೆಯಲ್ಲಿ ಉಬ್ಬಸವಿತ್ತೆಂದು ಅವಳನ್ನು ಶಾಲೆಗೆ ಹಾಕಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲೇ ಅವಳ ತರಗತಿ. ಅಮ್ಮನ ಕಣ್ಣು ಸೂಜಿಯ ಮೇಲೆ, ಕಿವಿ ಮಗಳ ಮೇಲೆ. ಲೆಕ್ಕದ ಒಂದೊಂದು ಹಂತವನ್ನೂ ಗಿಣಿ ಬಾಯಲ್ಲಿ ಹೇಳಬೇಕು, ಅಮ್ಮ "ಹ್ಞೂಂ" ಅನ್ನಬೇಕು. ಕೇಳುವವರು ಹ್ಞೂಂಗುಟ್ಟಿದರೆ ತಾನೇ ಕಥೆ ಮುಂದಕ್ಕೆ ಹೋಗುವುದು? ಅವರ ಮನೆಯಲ್ಲಿ ಲೆಕ್ಕವೂ ಹಾಗೇ ಹೋಗುತ್ತಿತ್ತು. ಹಾಳೆಗೆ ಇಳಿಯುತ್ತಿದ್ದುದು ಕೊನೆಯ ಉತ್ತರವೊಂದೇ. ಕಾಲೇಜಿನ ಪ್ರವೇಶ ಪರೀಕ್ಷೆಗೆ ಅಷ್ಟೇ ಸಾಕಿತ್ತು.

ಈ ವರ್ಷ ಶಾಲೆಗಳ ಪಾಠಕ್ರಮ ಬದಲಾಯಿತು, ಅದರ ಬೆನ್ನಿಗೇ ಪ್ರವೇಶ ಪರೀಕ್ಷೆಯೂ. ಇನ್ನು ಮೇಲೆ ಲೆಕ್ಕ ಬಿಡಿಸಿದ ರೀತಿಗೆ ಅಂಕ, ಬರೀ ಉತ್ತರಕ್ಕಲ್ಲ. ಶಾಲೆಯ ಮಕ್ಕಳಿಗೆ ಮೇಷ್ಟರು ಹೇಳಿಕೊಟ್ಟರು. ಮನೆಯಲ್ಲಿ ಓದುವವಳಿಗೆ ಹೇಳುವವರು ಯಾರು? ಅಂಥವರು ಮೊದಲು, ಇಬ್ಬರೂ ಈಗ ಹೊರಟಿದ್ದ ಶಾಲೆಯಲ್ಲಿ ಪೂರ್ವಪರೀಕ್ಷೆ ಬರೆಯಬೇಕಿತ್ತು. ಗಿಣಿ ಬರೆದಳು. ನಿನ್ನೆ ಫಲಿತಾಂಶ ಬಂತು: ಉತ್ತರಗಳೆಲ್ಲ ಸರಿ, ಅಂಕ ಸೊನ್ನೆ. ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು: 'ನಕಲು ಮಾಡಿರುವ ಶಂಕೆ.' ಸೊನ್ನೆ ಬಂದವರೂ ಪ್ರವೇಶ ಪರೀಕ್ಷೆಗೆ ಕೂರಬಹುದು. ಆ ಸಾಲು ಇದ್ದವರು ಕೂರುವಂತಿಲ್ಲ.

ಶಾಲೆಯಲ್ಲಿ, ಆ ಸಾಲು ಬರೆದಿದ್ದ ಗಣಿತದ ಮೇಷ್ಟರು ಕನ್ನಡಕದ ಮೇಲಿಂದ ನೋಡಿದರು. "ದಾರಿ ತುಳಿಯದೇ ಊರು ಸೇರಿಬಿಟ್ಟಿದ್ದಾಳಲ್ಲಮ್ಮ ನಿಮ್ಮ ಮಗಳು. ಗಿಣಿ ಅಂತೆ, ಹಾರ್ಕೊಂಡು ಹೋದ್ಲಾ?"

"ಬಾಯಲ್ಲಿ ಹೇಳ್ತಾಳೆ ಸಾರ್. ನಾನೇ ಹಾಗೆ ರೂಢಿ ಮಾಡಿಸಿದ್ದು. ಬೈಯೋದಿದ್ರೆ ನನಗೆ ಬೈಯಿರಿ."

"ಬೈದು ನನಗೇನು ಸಿಗಬೇಕು? ಹೊಸ ಲೆಕ್ಕ ಕೊಡ್ತೀನಿ, ಬೋರ್ಡ್ ಮೇಲೆ ಬಿಡಿಸಲಿ. ನೀವು ಹೊರಗಿರಿ."

ಬಾಗಿಲು ಮುಚ್ಚಿತು. ಹೊಲಿಗೆಯಾಕೆ ಪಡಸಾಲೆಯ ಬೆಂಚಿನ ತುದಿಯಲ್ಲಿ ಕೂತಳು. ಯಾರದೋ ಮಕ್ಕಳು ಗುಂಪುಗುಂಪಾಗಿ ನಗುತ್ತ ಹಾದುಹೋದರು; ಅವಳನ್ನು ಯಾರೂ ನೋಡಲಿಲ್ಲ. ಮಗಳ ಪಾಠಕ್ಕೂ ತನಗೂ ನಡುವೆ ಒಂದು ಬಾಗಿಲು ಇದೇ ಮೊದಲು.

ಒಳಗಿನಿಂದ ಗಿಣಿಯ ದನಿ ಬಂತು. "ಮೊದಲು, ದೊಡ್ಡ ನಲ್ಲಿ ಗಂಟೆಗೆ ತೊಟ್ಟಿಯ ಎಷ್ಟು ಭಾಗ ತುಂಬುತ್ತೆ ಅಂತ ನೋಡ್ಬೇಕು..." ಸೀಮೆಸುಣ್ಣ ಕಿರ್ರೆಂದಿತು. ಆಮೇಲೆ ಸದ್ದಿಲ್ಲ.

ಅಮ್ಮನಿಗೆ ತಿಳಿಯಿತು. ಮಗಳು ತನ್ನ ಹ್ಞೂಂಗೆ ಕಾಯುತ್ತಿದ್ದಾಳೆ.

ಬಾಯಿಗೆ ಬಂದ ಹ್ಞೂಂ ಅನ್ನು ಹೊಲಿಗೆಯಾಕೆ ಅಂಗೈಯಿಂದ ಒತ್ತಿ ಹಿಡಿದಳು. ಈಗ ಹ್ಞೂಂ ಅಂದರೆ ಹೊರಗಿನಿಂದ ಹೇಳಿಕೊಟ್ಟಳು ಅಂತಾಗುತ್ತದೆ, ಶಂಕೆಯೇ ನಿಜವಾಗುತ್ತದೆ. 'ದೇವರೇ, ನೀನಾದರೂ ಅವಳಿಗೊಂದು ಹ್ಞೂಂ ಅನ್ನಪ್ಪ.' ದೇವರೂ ಸುಮ್ಮನಿದ್ದ.

"ಗೊತ್ತಿಲ್ವಾ?" ಮೇಷ್ಟರು ಕೇಳಿದರು.

"ಗೊತ್ತು ಸಾರ್."

"ಮತ್ತೆ ಯಾರಿಗೆ ಕಾಯ್ತಿದ್ದೀಯ?"

ಬಹಳ ಹೊತ್ತಾದ ಮೇಲೆ, "ಆಮೇಲೆ ಚಿಕ್ಕ ನಲ್ಲಿ..." ಎಂದು ಸಣ್ಣಗೆ ಕೇಳಿಸಿತು. ಮತ್ತೆ ಸೀಮೆಸುಣ್ಣ. ಮುಂದಿನ ಹಂತಕ್ಕೆ ದನಿ ಇನ್ನೂ ತೆಳುವಾಯಿತು. ಅದರ ಮುಂದಿನದಕ್ಕೆ ದನಿಯೇ ಇಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣವೊಂದೇ ಎಡೆಬಿಡದೆ ಓಡುತ್ತಿತ್ತು. ಮಗಳು ಈಗ ಎಲ್ಲಿದ್ದಾಳೆ, ಏನು ಬರೆಯುತ್ತಿದ್ದಾಳೆ, ಅಮ್ಮನಿಗೆ ತಿಳಿಯಲಿಲ್ಲ. ಇಷ್ಟು ಹೊತ್ತೂ ಯಂತ್ರ ತುಳಿದಂತೆ ನೆಲ ಒತ್ತುತ್ತಿದ್ದ ಅವಳ ಪಾದ ತಾನಾಗಿ ನಿಂತಿತು.

ಬಾಗಿಲು ತೆರೆಯಿತು.

"ಸೊನ್ನೆ ತಿದ್ದೋಕೆ ನನಗೆ ಅಧಿಕಾರ ಇಲ್ಲಮ್ಮ. ಹಂತ ಬರೆದಿಲ್ಲ, ಅಂಕ ಬಂದಿಲ್ಲ," ಅಂದರು ಮೇಷ್ಟರು. ಸುಣ್ಣದ ಪುಡಿ ಮೆತ್ತಿದ ಗಿಣಿಯ ಕೈಗೆ ಉತ್ತರಪತ್ರಿಕೆಯನ್ನು ಕೊಟ್ಟರು. ಕೆಂಪು ಸಾಲನ್ನು ನೇರ ಗೆರೆಯೊಂದು ಹೊಡೆದುಹಾಕಿತ್ತು. ಪಕ್ಕದಲ್ಲಿ ಅವರದೇ ಸಹಿ, ಇನ್ನೂ ಹಸಿ.